ಟಾಪಿನ ಮೇಲೆ ಲೆಕ್ಕದ ಸಾರ್

ಮೂರನೇ ಹಿಡಿ ಧೂಳೂ ನಿಲ್ಲಲಿಲ್ಲ. ಸರ್ರನೆ ಜಾರಿ ಬಸ್ಸಿನ ಅಂಚಿನಿಂದ ಕೆಳಗೆ ಉದುರಿತು.

"ಆಕ್ಷೀ!" ಕೆಳಗಿನಿಂದ ದೊಡ್ಡದೊಂದು ಸೀನು ಕೇಳಿಸಿತು. ಅದರ ಹಿಂದೆಯೇ ಅಜ್ಜಿಯ ದನಿ. "ಏ ತರಲೆ! ಬಸ್ ತೊಳೀತಿದ್ದೀಯೋ, ಬೀಜ ಬಿತ್ತುತಿದ್ದೀಯೋ?"

"ತೊಳೀತಾ ಇದ್ದೀನಿ ಅಜ್ಜೀ!"

"ತೊಳೆದ್ರೆ ನೀರು ಬೀಳ್ಬೇಕು ಕಣೇ. ನನ್ನ ತಲೆ ಮೇಲೆ ಮಣ್ಣು ಬೀಳ್ತಿದೆ!"

ತರಲೆ ನಾಲಿಗೆ ಕಚ್ಚಿಕೊಂಡಳು. ಅವಳಿಗೆ ಇಟ್ಟ ಹೆಸರು ಬೇರೆ ಇತ್ತು, ಒಳ್ಳೆ ಹೆಸರೇ ಇತ್ತು. ಆದರೆ ಮನೆಯವರು, ಕ್ಲಾಸಿನವರು, ಕೊನೆಗೆ ಶಾಲೆ ಬಸ್ಸಿನ ಡ್ರೈವರ್ ಮಾಮ ಕೂಡ ಕರೆಯುತ್ತಿದ್ದದ್ದು ತರಲೆ ಅಂತಲೇ. ಯಾಕೆ ಅಂತ ನಿಮಗೇ ಗೊತ್ತಾಗುತ್ತೆ ಇರಿ.

ಅವಳು ನಿಂತಿದ್ದದ್ದು ಅಜ್ಜಿಯ ಗಾಡಿ ತೊಳೆಯುವ ಜಾಗದಲ್ಲಿ, ಸುತ್ತ ಕಂಬಿ ಕಟ್ಟಿದ ಕಬ್ಬಿಣದ ಅಟ್ಟಣಿಗೆಯ ಮೇಲೆ. ಅಟ್ಟಣಿಗೆ ಹೆಚ್ಚುಕಮ್ಮಿ ಬಸ್ಸಿನ ಟಾಪಿನಷ್ಟೇ ಎತ್ತರ. ಅಲ್ಲಿ ನಿಂತು ಉದ್ದ ಕೋಲಿನ ಬ್ರಶ್ಶಿನಿಂದ ಟಾಪು ಉಜ್ಜಬೇಕು. ಒಣಗಿದ ಮೇಲೆ ಕೋಲಿಗೆ ಬಟ್ಟೆ ಸುತ್ತಿ ಪಾಲಿಶ್ ಹಾಕಬೇಕು. ಟಾಪಿನ ಮೇಲೆ ಮಾತ್ರ ಅಪ್ಪಿತಪ್ಪಿಯೂ ಕಾಲಿಡುವ ಹಾಗಿಲ್ಲ. ಇದು ಅಜ್ಜಿಯ ರೂಲ್.

ಮೂವತ್ತು ವರ್ಷ ಬಸ್ಸು, ಲಾರಿ, ವ್ಯಾನು ಎಲ್ಲದರ ಟಾಪನ್ನೂ ಅಜ್ಜಿಯೇ ತೊಳೆದಿದ್ದಳು. ಈ ವರ್ಷ ಅವಳ ಮಂಡಿ 'ನಾನು ಏಣಿ ಹತ್ತಲ್ಲ' ಅಂತ ಮುಷ್ಕರ ಹೂಡಿತು. ಆಗ ತರಲೆ, "ನಮ್ಮ ಸ್ಕೂಲ್ ಬಸ್ ನಂಗೆ ಕೊಡು, ಪ್ರತಿ ಭಾನುವಾರ ನಾನೇ ತೊಳೀತೀನಿ" ಅಂತ ನೆಲಕ್ಕೆ ಬಿದ್ದು ಹೊರಳಾಡಿ ಕೆಲಸ ಗಿಟ್ಟಿಸಿಕೊಂಡಳು.

ಮೊದಲನೇ ಭಾನುವಾರ ಚೆನ್ನಾಗಿಯೇ ತೊಳೆದಳು. ಅಜ್ಜಿ ಕೆಳಗೆ ನಿಂತು, ಬಸ್ಸಿನ ಪಕ್ಕದಲ್ಲಿ ಇಳಿಯುವ ನೀರನ್ನೇ ನೋಡುತ್ತಿದ್ದಳು. "ಇನ್ನೂ ಕರೀ ನೀರು ಬರ್ತಿದೆ, ಉಜ್ಜು. ಹ್ಞಾಂ, ಈಗ ತಿಳಿ ಬಂತು. ಸಾಕು!" ರಾತ್ರಿ ಊಟಕ್ಕೆ ಕೂತರೆ ತರಲೆಯ ಕೈ ಬಾಯಿಯ ತನಕ ಏಳಲೇ ಇಲ್ಲ.

ಎರಡನೇ ಭಾನುವಾರ ಅವಳಿಗೆ ಜ್ಞಾನೋದಯವಾಯಿತು. ಅಲ್ಲಾ, ಬಸ್ಸಿನ ಟಾಪನ್ನು ಯಾರು ನೋಡ್ತಾರೆ? ಅಜ್ಜಿ ಹತ್ತಲ್ಲ. ಡ್ರೈವರ್ ಮಾಮ ತಲೆ ಎತ್ತಿ ನೋಡಲ್ಲ. ಕಾಗೆಗಳು ನೋಡ್ತಾವೆ, ಆದರೆ ಚಾಡಿ ಹೇಳಲ್ಲ!

ಅವತ್ತಿನಿಂದ ಅವಳದ್ದು ಹೊಸ ಪದ್ಧತಿ. ಟಾಪಿಗೆ ತಾಗಿಯೂ ತಾಗದ ಹಾಗೆ ಅಂಚಿನಲ್ಲಿ ಎರಡು ಬಕೆಟ್ ನೀರು ಸುರಿಯುವುದು. ಆಮೇಲೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಕಾಲು ಅಲ್ಲಾಡಿಸುವುದು.

"ಆಯ್ತಾ?" ಅಂತ ಅಜ್ಜಿ ಕೆಳಗಿನಿಂದ ಕೇಳುತ್ತಿದ್ದಳು.

"ಆಯ್ತು ಅಜ್ಜಿ, ಲಕಲಕ ಅಂತಿದೆ!"

ಹೀಗೆ ನಾಲ್ಕು ಭಾನುವಾರ ಕಳೆಯಿತು. ಬಿಳಿ ಟಾಪು ಬೂದಿ ಬಣ್ಣಕ್ಕೆ ತಿರುಗಿತು. ಆ ನಾಲ್ಕರಲ್ಲಿ ಕೊನೇ ಭಾನುವಾರ ಕೂತೂ ಕೂತೂ ಬೇಜಾರಾಗಿ, ತರಲೆ ಕೋಲಿಗೆ ಪಾಲಿಶ್ ಬಟ್ಟೆ ಸುತ್ತಿ ಆ ಧೂಳಿನಲ್ಲಿ ಒಂದು ಚಿತ್ರ ಬರೆದಳು. ಮಂಚದಷ್ಟು ದೊಡ್ಡ ಮುಖ, ಗುಂಡು ಕನ್ನಡಕ, ಮೊರದಂಥ ಕಿವಿ. ಬೋಳು ತಲೆಯ ಮೇಲೆ ಈ ಕಿವಿಯಿಂದ ಆ ಕಿವಿಗೆ ಎಳೆದು ಬಾಚಿದ ಮೂರೇ ಮೂರು ಕೂದಲು. ಯಾರು ನೋಡಿದರೂ ಹೇಳಬಹುದಿತ್ತು, ಅದು ಲೆಕ್ಕದ ಸಾರ್ ಅಂತ. ಯಾರೂ ನೋಡುವುದಿಲ್ಲವಲ್ಲ ಅಂತ ಅವಳ ಧೈರ್ಯ.

ಆದರೆ ಇವತ್ತು ಬೆಳಿಗ್ಗೆ ಅಜ್ಜಿ ಒಂದು ಬಾಂಬು ಹಾಕಿದಳು.

"ನಾಳೆ ಪೇರೆಂಟ್ಸ್ ಮೀಟಿಂಗಿಗೆ ನಿಮ್ಮಮ್ಮ ಬೇಡ. ನಾನೇ ಬರ್ತೀನಿ."

"ಅಜ್ಜೀ, ಮೀಟಿಂಗ್ ಇರೋದು ಮೂರನೇ ಮಹಡಿಲಿ! ನಿನ್ನ ಮಂಡಿ?"

"ಮಂಡಿ ಬೈಕೊಂಡೇ ಬರುತ್ತೆ ಬಿಡು. ಮೂವತ್ತು ವರ್ಷ ಟಾಪು ಉಜ್ಜಿದೀನಿ, ದೂರ ನಿಂತು ಮೇಲಿಂದ ಒಂದು ಸಲಾನೂ ನೋಡಿಲ್ಲ. ಆ ಕಿಟಕಿಯಿಂದ ಬಸ್ಸು ನಿಲ್ಲೋ ಜಾಗ ಕಾಣುತ್ತಂತಲ್ಲ? ನನ್ನ ಮೊಮ್ಮಗಳು ಉಜ್ಜಿರೋ ಟಾಪು ನೋಡ್ಬೇಕು."

ಮೀಟಿಂಗ್ ನಡೆಸುವುದು ಲೆಕ್ಕದ ಸಾರ್! ಸಾರ್ ಬೈದರೆ ಹೇಗೋ ತಡೆದುಕೊಳ್ಳಬಹುದು. ಬೆಂಚಿನ ಮೇಲೆ ನಿಲ್ಲುವುದು ತರಲೆಗೆ ಹೊಸದೇನಲ್ಲ. ಆದರೆ ಅಜ್ಜಿ? 'ನನ್ನ ಮೊಮ್ಮಗಳ ಕೈ ಬಿದ್ರೆ ಟಾಪು ಕನ್ನಡಿ' ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಿರುವ ಅಜ್ಜಿ, ಅಷ್ಟು ಮೆಟ್ಟಿಲು ಹತ್ತಿ, ಕಿಟಕಿಯಲ್ಲಿ ಬಗ್ಗಿ ನೋಡಿದರೆ? ಅದನ್ನು ನೆನೆಸಿಕೊಂಡರೇ ಅವಳಿಗೆ ಅಳು ಬರುತ್ತಿತ್ತು.

ಹಾಗಾಗಿಯೇ ಈ ಧೂಳಿನ ಸೇವೆ. ಮುಖ ಮುಚ್ಚಿದರೆ ಸಾಕು ಅಂತ ಅವಳ ಲೆಕ್ಕ. ಆದರೆ ಪಾಲಿಶ್ ಹಾಕಿದ ಜಾಗದಲ್ಲಿ ಧೂಳು ಕೂರುತ್ತದೆಯೇ? ಮುಷ್ಟಿ ಮುಷ್ಟಿ ಎರಚಿದರೂ ಜಾರಿ ಜಾರಿ ಅಜ್ಜಿಯ ಮೂಗಿಗೇ ಹೋಯಿತು.

ಕೆಸರು ಕಲಸಿ ಬ್ರಶ್ಶಿನಿಂದ ಬಳಿದಳು. ಸಾರ್‌ಗೆ ಗಡ್ಡ ಬಂತು. ಈಗ ಇನ್ನೂ ಚೆನ್ನಾಗಿ ಗುರುತು ಸಿಗುತ್ತಿತ್ತು.

ಗಾಬರಿಯಾಗಿ ನೀರು ಎರಚಿದಳು. ಗಡ್ಡ ಹೋಯಿತು. ಸಾರ್ ಸ್ನಾನ ಮಾಡಿ ಬಂದವರ ಹಾಗೆ ಮೊದಲಿಗಿಂತ ಜೋರಾಗಿ ಹೊಳೆದರು.

"ಅಯ್ಯೋ, ಹೋಗಿ ಸಾರ್, ಪ್ಲೀಸ್!" ಅಂತ ತರಲೆ ಕೈ ಮುಗಿದಳು. ಸಾರ್ ಹೋಗಲಿಲ್ಲ.

ಆಗ ಅಜ್ಜಿ ಯಾವಾಗಲೋ ಹೇಳಿದ್ದು ನೆನಪಾಯಿತು. 'ಒಂದು ಕಡೆ ಪಾಲಿಶ್ ಹಾಕಿದ್ರೆ ಪೂರ್ತಿ ಹಾಕ್ಬೇಕು ಕಣೇ. ಇಲ್ಲಾಂದ್ರೆ ಹೊಳಪೇ ಕಲೆ ಥರ ಕಾಣುತ್ತೆ.' ಅಂದರೆ ಮುಖ ಮಾಯವಾಗಬೇಕಾದರೆ ಇರುವುದು ಒಂದೇ ದಾರಿ. ಇಡೀ ಟಾಪು ಆ ಮುಖದಷ್ಟೇ ಹೊಳೆಯಬೇಕು. ತರಲೆ ಟಾಪಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಇವತ್ತು ಬಸ್ಸು ಯಾಕೋ ರೈಲಿನಷ್ಟು ಉದ್ದ ಕಾಣಿಸಿತು.

ಬೇರೆ ದಾರಿಯಿಲ್ಲದೆ ಬ್ರಶ್ ಎತ್ತಿಕೊಂಡಳು. ಸೋಪಿನ ನೀರು ಸುರಿದು ಉಜ್ಜತೊಡಗಿದಳು. ಕೆಳಗೆ ಕರೀ ನೀರು ದಬದಬ ಇಳಿಯಿತು.

"ಇದೇನೇ ಇದು!" ಅಜ್ಜಿ ಎರಡು ಹೆಜ್ಜೆ ಹಿಂದೆ ಹಾರಿದಳು. "ಹೋದ ವಾರ ತಾನೇ ತೊಳೆದಿದ್ದೆ? ಇಷ್ಟು ಕೊಳೆ ಎಲ್ಲಿಂದ ಬಂತು?"

"ಅದು... ಕಾಗೆಗಳು ಅಜ್ಜಿ."

"ಕಾಗೆಗಳಾ? ಕಲ್ಲಿದ್ದಲಲ್ಲಿ ಹೊರಳಾಡಿ ಬಂದಿದ್ವಾ?"

ತರಲೆ ಇನ್ನೂ ಜೋರಾಗಿ ಉಜ್ಜತೊಡಗಿದಳು. ಅಜ್ಜಿ ಬಕೆಟ್ ಬೋರಲು ಹಾಕಿ ಕೂತು, ಇಳಿಯುವ ನೀರನ್ನೇ ನೋಡುತ್ತಿದ್ದಳು.

ಸಂಜೆ ಡ್ರೈವರ್ ಮಾಮ ಬಸ್ ಒಯ್ಯಲು ಬಂದಾಗ ಅರ್ಧ ಟಾಪಿಗೆ ಇನ್ನೂ ಪಾಲಿಶ್ ಆಗಿರಲಿಲ್ಲ.

"ಕೂತ್ಕೊಳಪ್ಪ. ಇನ್ನೂ ಆಗಿಲ್ಲ," ಅಂದಳು ಅಜ್ಜಿ.

"ಬಿಡಿ ಅಮ್ಮಾ, ಟಾಪು ಯಾರು ನೋಡ್ತಾರೆ?"

"ನೀನು ಬನಿಯನ್ನು ಒಗೆದು ಹಾಕ್ಕೋತೀಯೋ ಇಲ್ವೋ? ಅದನ್ನ ಯಾರು ನೋಡ್ತಾರೆ?"

ಡ್ರೈವರ್ ಮಾಮ ಮೆಲ್ಲಗೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಕೂತ.

ಅಜ್ಜಿ ಅಟ್ಟಣಿಗೆಯಿಂದ ಇಳಿಬಿಟ್ಟ ಹಗ್ಗಕ್ಕೆ ಒಂದು ಹೊಸ ಬಟ್ಟೆ ಕಟ್ಟಿದಳು. "ಎಳ್ಕೋ. ಕೊನೇ ಕೈಗೆ ಒಣ ಬಟ್ಟೆ ಬೇಕು." ತರಲೆಯ ಭುಜ ಉರಿಯುತ್ತಿತ್ತು, ಅಂಗೈಯಲ್ಲಿ ಗುಳ್ಳೆ ಎದ್ದಿತ್ತು. ಆದರೂ ಕೊನೆಯ ಮೂಲೆಯವರೆಗೆ ಉಜ್ಜಿದಳು. ಮುಸ್ಸಂಜೆಯ ಬೆಳಕಿನಲ್ಲಿ ಟಾಪೆಲ್ಲ ಒಂದೇ ಸಮ ಕಂಡಿತು. ಸಾರ್ ಎಲ್ಲೂ ಇರಲಿಲ್ಲ.

ಮರುದಿನ ಅಜ್ಜಿ ಮಂಡಿಯನ್ನು ಬೈದುಕೊಳ್ಳುತ್ತಾ, ತರಲೆಯ ಹೆಗಲು ಹಿಡಿದು ಮೂರು ಮಹಡಿ ಹತ್ತಿದಳು. ಮೀಟಿಂಗ್ ಮಾತು ಆಮೇಲೆ. ಮೊದಲು ಸೀದಾ ಕಿಟಕಿಗೆ ಹೋದಳು.

ಕೆಳಗೆ ಸಾಲಾಗಿ ಗಾಡಿಗಳು ನಿಂತಿದ್ದವು. ಎಲ್ಲದರ ತಲೆಯೂ ಬೂದಿ ಬಣ್ಣ. ನಡುವೆ ಒಂದೇ ಒಂದು ಬಿಳಿ ಟಾಪು, ಅದರೊಳಗೆ ಒಂದು ತುಂಡು ಮೋಡ ನಿಧಾನವಾಗಿ ಹೋಗುತ್ತಿತ್ತು.

ಅಜ್ಜಿ ಕಿಟಕಿಯಲ್ಲಿ ಬಗ್ಗಿ ನೋಡಿದಳು. ಆಮೇಲೆ, "ಹೀಗೆ ಕಾಣುತ್ತಾ ಇದು?" ಅಂದಳು. "ಇಷ್ಟು ವರ್ಷ ಹೀಗೆ ಕಾಣ್ತಿತ್ತಾ?" ಸೆರಗಿನಿಂದ ಕಣ್ಣೊರೆಸಿಕೊಂಡಳು. ತರಲೆಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ಅಷ್ಟರಲ್ಲಿ ಮೋಡ ಸರಿದು ಬಿಸಿಲು ಓರೆಯಾಗಿ ಬಿತ್ತು. ಎರಡೆರಡು ಸಲ ಪಾಲಿಶ್ ಕಂಡ ಜಾಗ ಬೇರೆಯೇ ಹೊಳೆಯಿತು. ಕನ್ನಡಕ ಬಂತು. ಕಿವಿ ಬಂತು. ಒಂದು, ಎರಡು, ಮೂರು ಕೂದಲೂ ಬಂದವು!

"ಏನಮ್ಮಾ ನೋಡ್ತಿದ್ದೀರಾ?" ಹಿಂದಿನಿಂದ ಲೆಕ್ಕದ ಸಾರ್ ದನಿ.

ತರಲೆ ಕಣ್ಣು ಮುಚ್ಚಿಕೊಂಡಳು. ಅಜ್ಜಿ ಒಮ್ಮೆ ಸಾರ್ ಮುಖ ನೋಡಿದಳು, ಒಮ್ಮೆ ಟಾಪು ನೋಡಿದಳು. ಸೆರಗು ಅಗಲಿಸಿ ಕಿಟಕಿಗೆ ಅಡ್ಡ ನಿಂತಳು. ಆದರೆ ಸಾರ್ ಎತ್ತರದವರು, ಅವಳ ತಲೆಯ ಮೇಲಿಂದಲೇ ಇಣುಕಿದರು.

"ಅರೆ! ಟಾಪಿನ ಮೇಲೆ ಯಾರದೋ ಮುಖ!" ಸಾರ್ ಕನ್ನಡಕ ಸರಿ ಮಾಡಿಕೊಂಡರು. ಇನ್ನೂ ಬಗ್ಗಿದರು. ಆಮೇಲೆ ಅವರ ಭುಜ ಕುಲುಕತೊಡಗಿತು. "ಅಯ್ಯಯ್ಯೋ... ಥೇಟ್ ನಮ್ಮ ಹೆಡ್ ಮಾಸ್ಟರ್! ಯಾರಿಗೂ ಹೇಳ್ಬೇಡಿ ಅಮ್ಮಾ. ಆದ್ರೆ ಆ ಮೂರು ಕೂದಲು ಯಾರದು ಅಂತಾನೇ ಗೊತ್ತಾಗ್ತಿಲ್ಲ."

ಹಾಗೆಂದು ತಮ್ಮ ಮೂರು ಕೂದಲನ್ನು ಅಂಗೈಯಿಂದ ಸವರಿಕೊಂಡು, ನಗುತ್ತಾ ಹೋದರು.

ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಗು ನಿಂತ ಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು.

"ಎಷ್ಟು ಭಾನುವಾರ?"

ತರಲೆ ನೆಲ ನೋಡಿದಳು. "ಎ... ಎರಡು."

"ನಾಲ್ಕು," ಅಂದಳು ಅಜ್ಜಿ. "ವಾರವಿಡೀ ರಸ್ತೆ ಸುತ್ತಿದ ಬಸ್ಸು. ಮೊದಲನೇ ಬಕೆಟ್ಟಿಗೇ ತಿಳಿ ನೀರು ಬಂದ್ರೆ, ಅದು ಟಾಪು ತೊಳೆದ ನೀರಲ್ಲ ಮಗಾ."

ಹಾಗಾದರೆ ಅಜ್ಜಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ವಾರ "ಆಯ್ತಾ?" ಅಂತ ಕೇಳಿದ್ದಳು. ಮೊಮ್ಮಗಳು ತಾನಾಗಿಯೇ ನಿಜ ಹೇಳಲಿ ಅಂತ ಕಾದಿದ್ದಳು ಅಂತ ತರಲೆಗೆ ಈಗ ತಿಳಿಯಿತು. ಅಜ್ಜಿ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಅಜ್ಜಿ ಬೈಯಲಿಲ್ಲ. "ಬಾ, ನಿನ್ನ ಲೆಕ್ಕದ ಮಾರ್ಕ್ಸ್ ಏನಾಗಿದೆಯೋ ನೋಡೋಣ," ಅಂತ ಅವಳ ಹೆಗಲು ಹಿಡಿದುಕೊಂಡಳು.

ಮುಂದಿನ ಭಾನುವಾರ ತರಲೆ ಅಟ್ಟಣಿಗೆಯ ಮೇಲಿದ್ದಳು. ಆರು ಬಕೆಟ್ ಆಗಿತ್ತು. ಗೆಳತಿಯರು ಗೇಟಿನ ಹತ್ತಿರ ಆಟಕ್ಕೆ ಕರೆಯುತ್ತಿದ್ದರು.

"ಆಯ್ತಾ?" ಕೆಳಗಿನಿಂದ ಅಜ್ಜಿ ಕೇಳಿದಳು.

'ಆಯ್ತು' ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ತರಲೆ ಕಂಬಿಯ ಮೇಲಿಂದ ಬಗ್ಗಿ, ಬಸ್ಸಿನ ಪಕ್ಕದಲ್ಲಿ ಇಳಿಯುತ್ತಿದ್ದ ನೀರನ್ನು ನೋಡಿದಳು. ಇನ್ನೂ ಸ್ವಲ್ಪ ಬೂದಿ ಬಣ್ಣ ಇತ್ತು.

"ಇಲ್ಲ ಅಜ್ಜಿ," ಅಂದಳು. "ಇನ್ನೂ ಇದೆ."

ಕೆಳಗೆ ಬಕೆಟ್ ಬೋರಲು ಹಾಕಿದ ಸದ್ದು, ಅಜ್ಜಿ ಉಸ್ಸಪ್ಪಾ ಅಂತ ಕೂತ ಸದ್ದು ಕೇಳಿಸಿತು.

"ನಿಧಾನಕ್ಕೆ ಮಾಡೇ," ಅಂದಳು ಅಜ್ಜಿ. "ನಂಗೇನು ಅವಸರ ಇಲ್ಲ."