ಹನ್ನೆರಡು ಗಂಟೆ ಹಳೆಯ ನೀರು

"ತಲೆ ಎತ್ತೋ ಖಾಂಗ್! ಸೈಗಾನ್‌ನಿಂದ ಬಂದಿದಾರಲ್ಲ, ಅವರಿಗಾದ್ರೂ ಮುಖ ತೋರ್ಸು!"

ತಾಮ್ ಮಾಮನ ಕೂಗಿಗೆ ದುರಿಯನ್ ತೋಟದಲ್ಲಿ ನೆರೆದಿದ್ದವರೆಲ್ಲ ತಿರುಗಿದರು. ಒಣಗಿದ ಮರವೊಂದಕ್ಕೆ ಒರಗಿ ನಿಂತಿದ್ದವನು ನಿಧಾನವಾಗಿ ತಲೆ ಎತ್ತಿದ. ಅವನ ಕಾಲ ಬಳಿ ಕಟ್ಟಿಟ್ಟ ಚೀಲವೊಂದಿತ್ತು.

ಸೈಗಾನ್‌ನಿಂದ ಬಂದಿದ್ದ ಥೋವಾ ಅವನನ್ನೇ ನೋಡಿದಳು. ಇವನೇನಾ...!

ಎರಡು ಬೇಸಿಗೆಗಳಿಂದ ಅವನನ್ನು ಬಲ್ಲಳು. ಮುಖವನ್ನು ಮಾತ್ರ ಕಂಡಿರಲಿಲ್ಲ. ಹಾಮ್ ಲುವಾಂಗ್ ನದಿಯ ತೂಬಿನ ಮೇಲೆ ನಿಂತು, ಆರು ಗಂಟೆಗೊಮ್ಮೆ ನೀರಿನ ಉಪ್ಪು ಅಳೆದು ಅಂಕಿ ಕಳಿಸುವವನು ಅವನು. ಆ ಅಂಕಿಯನ್ನು ರೈತರ ಫೋನಿನಲ್ಲಿ ತೋರಿಸುವ ಆ್ಯಪ್ ಬರೆದವಳು ಅವಳು.

ಅಂಕಿಯ ಜೊತೆ ಷರಾ ಬರೆಯಲು ಒಂದಿಷ್ಟು ಜಾಗವಿತ್ತು. ರೈತರಿಗೆ ಅದು ಕಾಣುತ್ತಿರಲಿಲ್ಲ. ಅಲ್ಲಿ ಅವನು ಬರೆಯುತ್ತಿದ್ದ: 'ಇವತ್ತು ಗಾಳಿ ಸಮುದ್ರದ ಕಡೆಯಿಂದ.' 'ಅಳತೆಗೋಲಿನ ಮೇಲೆ ಮಿಂಚುಳ್ಳಿ ಕೂತಿದೆ, ಎಬ್ಬಿಸಲು ಮನಸ್ಸಿಲ್ಲ.' 'ಇದನ್ನು ಯಾರಾದರೂ ಓದುತ್ತಾರಾ?'

ಓದುತ್ತಿದ್ದವಳು ಅವಳೊಬ್ಬಳೇ. ಒಂದು ದಿನವೂ ಉತ್ತರ ಬರೆಯುವ ಧೈರ್ಯ ಬಂದಿರಲಿಲ್ಲ.

ತಾಮ್ ಮಾಮ ಉದುರಿದ ಎಲೆಯೊಂದನ್ನು ಎತ್ತಿ ಹಿಡಿದ. ಅಂಚು ಸುಟ್ಟ ಕಾಗದದಂತಿತ್ತು. "ನೋಡಮ್ಮ. ನನ್ ಹೆಂಡ್ತಿ ಸತ್ತ ವರ್ಷ ಇಟ್ಟ ಗಿಡ. ಒಂಬತ್ತು ವರ್ಷ. ಅರವತ್ತು ಮರ. ಈ ಸಲ ಮೊದಲ ದೊಡ್ಡ ಫಸಲು."

ಮರಗಳ ನಡುವೆ ಅವಳ ಸಮಾಧಿಯಿತ್ತು. ಅದರ ಮೇಲೂ ಎಲೆ ಬಿದ್ದಿತ್ತು. ಯಾರೂ ಗುಡಿಸಿರಲಿಲ್ಲ.

"ಲೀಟರಿಗೆ ಒಂದು ಗ್ರಾಂ ಉಪ್ಪು ದಾಟಿದ್ರೆ ಈ ಮರ ತಡೆಯಲ್ಲ ಅಂತ ಇವನಿಗೆ ಹೇಳಿಕೊಟ್ಟವನೇ ನಾನು. ತಾಯಿ ಇಲ್ಲದ ಸೋದರಳಿಯ ಅಂತ ಅನ್ನ ಹಾಕಿ ಸಾಕಿದೆ. ಬೆಳಗಿನ ಜಾವ ಫೋನ್ ತೆಗೆದ್ರೆ ಸೊನ್ನೆ ಪಾಯಿಂಟ್ ನಾಲ್ಕು! ಹಸಿರು ಬಣ್ಣ! ಪಂಪು ಹಾಕಿದೆ. ಬಂದಿದ್ದು ಸಮುದ್ರ..."

"ನಾಲ್ಕು ಪಾಯಿಂಟ್ ಎರಡು ಅಂತ ನಾನು ಕಳಿಸಿದ್ದೆ ಮಾಮ," ಖಾಂಗ್ ಮೆಲ್ಲಗೆ ಹೇಳಿದ. ಆ ದನಿಯಲ್ಲಿ ನಂಬಿಕೆ ಇರಲಿಲ್ಲ.

"ಕಳಿಸಿದ್ರೆ ಎಲ್ಲಿ ಹೋಯ್ತು? ಮೊಸಳೆ ತಿಂತಾ?"

ಯಾರೋ ನಕ್ಕರು. ಖಾಂಗ್ ನಗಲಿಲ್ಲ.

"ಅವತ್ತು ನಂಗೆ ಜ್ವರ ಇತ್ತು. ಬಹುಶಃ... ಗುಂಡಿ ಒತ್ತಲೇ ಇಲ್ವೇನೋ."

ಥೋವಾ ಕಚೇರಿ ಕೊಟ್ಟ ಹಾಳೆಯನ್ನು ಚೀಲದಿಂದ ಹೊರತೆಗೆದಳು. 'ಅಳತೆ ಸಕಾಲಕ್ಕೆ ಬರಲಿಲ್ಲ.' ಕೆಳಗೆ ಅವನ ಸಹಿಗೆ ಜಾಗ, ಪಕ್ಕದಲ್ಲಿ ಅವಳ ಹೆಸರು. "ಸಹಿ ಹಾಕಿಸ್ಕೊಂಡು ಬಾ, ಬೇರೆ ಮಾತಾಡ್ಬೇಡ," ಎಂದಿದ್ದರು ಮೇಲಿನವರು. ಅದನ್ನು ಹೊತ್ತು ಬಂದಿದ್ದಳಲ್ಲ ಅವಳು! ಸತ್ಯ ಗೊತ್ತಿದ್ದೂ ಏಳು ದಿನ ಬಾಯಿ ಮುಚ್ಚಿಕೊಂಡಿದ್ದಳಲ್ಲ...

"ಅದೇನಾ ಕಾಗದ?" ಖಾಂಗ್ ಹತ್ತಿರ ಬಂದ. "ಕೊಡಿ. ಹಾಕ್ತೀನಿ. ಮೂರು ಗಂಟೆ ದೋಣಿಗೆ ಹೋಗ್ಬೇಕು. ಬಿನ್ಹ್ ಯುವಾಂಗ್ ಕಡೆ ಶೂ ಕಾರ್ಖಾನೆಯಲ್ಲಿ ಜನ ಬೇಕಂತೆ. ಇಲ್ಲಿ ಇನ್ನು ನನ್ನ ಅಂಕಿ ಯಾರು ನಂಬ್ತಾರೆ?"

ಅವನು ಹಾಳೆಯನ್ನು ಮರದ ಬೊಡ್ಡೆಗೆ ಒತ್ತಿ ಹಿಡಿದ. ಲೇಖನಿ ತಾಗಿತು. ಖ... ಎಂಬಷ್ಟು ಮೂಡಿತು.

"ಬೇಡ!"

ಅವಳು ಹಾಳೆಯನ್ನು ಕಿತ್ತುಕೊಂಡಳು.

"ನೀವು ಕಳಿಸಿದ್ರಿ. ಬೆಳಗಿನ ಐದು ಗಂಟೆ ಎರಡು ನಿಮಿಷಕ್ಕೆ ಬಂತು. ನಾಲ್ಕು ಪಾಯಿಂಟ್ ಎರಡು. ಷರಾ: 'ಮಾಮನಿಗೆ ಹೇಳಿ, ಇವತ್ತು ಪಂಪು ಬೇಡ.' ನಾನೇ ಓದಿದೀನಿ... ಎಂಟು ಗಂಟೆಗೆ."



"ಮತ್ತೆ ನನ್ನ ಫೋನಿಗ್ಯಾಕೆ ಬರ್ಲಿಲ್ಲ?" ತಾಮ್ ಮಾಮ ಫೋನನ್ನು ಅವಳತ್ತ ಚಾಚಿದ.

ಹೇಗೆ ಹೇಳುವುದು? ಥೋವಾಳ ಕಣ್ಣು ಮನೆಯ ಸೂರಿನ ಕೆಳಗಿದ್ದ ಮಳೆನೀರಿನ ಹಂಡೆಯ ಮೇಲೆ ಬಿತ್ತು.

"ಮಾಮ, ಇಲ್ಲಿ ಸಿಗ್ನಲ್ ಕಡಿಮೆ. ತೆಗೆದಾಗಲೆಲ್ಲ ಪರದೆ ಸುತ್ತುತ್ತಾ ಕೂರುತ್ತೆ ಅಂತ ನೀವೆಲ್ಲ ಬೈತಿದ್ರಿ. ಅದಕ್ಕೆ ನಾನು ನಿಮ್ಮ ಫೋನಲ್ಲೇ ಒಂದು ಹಂಡೆ ಇಟ್ಟೆ. ಒಂದ್ಸಲ ತಂದ ಅಂಕಿ ಅದರಲ್ಲಿ. ತೆಗೆದ ತಕ್ಷಣ ಅದನ್ನೇ ತೋರ್ಸು, ಹನ್ನೆರಡು ಗಂಟೆ ಹೊಸದನ್ನ ಕೇಳೋಕೆ ಹೋಗಲೇಬೇಡ ಅಂತ ಬರೆದೆ. ನೀವು ಬೆಳಗ್ಗೆ ನೋಡಿದ್ದು ಹಿಂದಿನ ಸಂಜೆ ಫೋನ್ ತೆಗೆದಾಗ ಬಂದ ಅಂಕಿ."

"ಹನ್ನೆರಡು ಗಂಟೆ?" ಖಾಂಗ್ ಬಿಳಿಚಿಕೊಂಡ. "ಆರು ಗಂಟೆಗೆಲ್ಲ ನದಿ ತಿರುಗುತ್ತೆ ಕಣ್ರೀ! ಅಷ್ಟರಲ್ಲಿ ಉಬ್ಬರ ಬಂದು ಹೋಗುತ್ತೆ!"

"ನಂಗೆ ಗೊತ್ತಿರ್ಲಿಲ್ಲ... ನಾನು ಬೆಳೆದಿದ್ದು ನಲ್ಲಿ ನೀರಲ್ಲಿ. ಅಂಕಿ ಎಷ್ಟು ಹೊತ್ತಿನದು ಅಂತ ಹೇಳೋ ಒಂದು ಸಾಲೂ ಹಾಕ್ಲಿಲ್ಲ. ತಪ್ಪು ನಂದು. ಇವರದ್ದಲ್ಲ."

ತಾಮ್ ಮಾಮ ಸಮಾಧಿಯ ಕಟ್ಟೆಯ ಮೇಲೆ ಕುಸಿದು ಕೂತ.

"ನಲವತ್ತು ವರ್ಷ ಕಾಲುವೆ ನೀರನ್ನ ನಾಲಿಗೆ ಮೇಲಿಟ್ಟು ನೋಡಿ ಪಂಪು ಹಾಕಿದವನು ನಾನು. ನಿನ್ನ ಹಸಿರು ಅಂಕಿ ಬಂದ್ಮೇಲೆ ನಾಲಿಗೆ ಮರೆತೆ." ಎದ್ದು ಅವಳತ್ತ ನೋಡದೆಯೇ ಹೇಳಿದ: "ನೀನು ಹೋಗು ತಾಯಿ. ಬೈಯೋಕೂ ಶಕ್ತಿ ಇಲ್ಲ."

ಆಮೇಲೆ ಅಳಿಯನ ಚೀಲವನ್ನು ತಾನೇ ಎತ್ತಿಕೊಂಡ. "ಒಳಗೆ ಬಾರೋ. ಅನ್ನ ಆರ್ತಿದೆ."

ಖಾಂಗ್ ಹಿಂದೆಯೇ ಹೋದ. ತಿರುಗಿಯೂ ನೋಡಲಿಲ್ಲ.

ಥೋವಾ ದೋಣಿಗಟ್ಟೆಗೆ ನಡೆದಳು. ಕಚೇರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಮಾತು ಮುಗಿಯುವ ಮೊದಲೇ ಕೆಲಸ ಹೋಗಿತ್ತು. ದಾರಿಯುದ್ದಕ್ಕೂ ಕಂದು ತೋಟಗಳು... ಅಳಲೂ ತನಗೆ ಹಕ್ಕಿಲ್ಲವೆನಿಸಿತು.

ಹಿಂದಿನಿಂದ ಚಪ್ಪಲಿ ಸದ್ದು.

ಖಾಂಗ್! ಅವನ ಕೈಯಲ್ಲಿ ತೆಂಗಿನ ಚಿಪ್ಪು, ಅದರ ತುಂಬ ನದಿಯ ನೀರು.

"ಏಳು ದಿನ ನಾನು ನನ್ನ ಕೈಯನ್ನೇ ನಂಬ್ಲಿಲ್ಲ, ಗೊತ್ತಾ? ಉಣ್ಣೋಕೆ ಚಮಚ ಎತ್ತಿದ್ರೂ ಅನುಮಾನ. ಏಳು ದಿನ ನಿಮಗೆ ಗೊತ್ತಿತ್ತು!"

"ಹೌದು. ಹೆದರಿದೆ."

"ಕುಡೀರಿ."

ಅವಳು ಗುಟುಕರಿಸಿದಳು. ಗಂಟಲು ಉರಿಯಿತು. ಅರವತ್ತು ಮರಗಳು ಕುಡಿದದ್ದು ಇದನ್ನೇ.

"ಇದು ಈ ಕ್ಷಣದ ನೀರು," ಎಂದ ಅವನು. ಆಮೇಲೆ ದನಿ ತಗ್ಗಿಸಿ, "ಎಂಟು ಗಂಟೆಗೆ ಓದಿದೆ ಅಂದ್ರಿ. ಷರಾನೂ... ದಿನಾ ಓದ್ತಿದ್ರಾ?"

"ಎರಡು ವರ್ಷದಿಂದ. ಮಿಂಚುಳ್ಳಿ ನಾಲ್ಕು ದಿನ ಬರದಿದ್ದಾಗ ನಿಮಗಿಂತ ಹೆಚ್ಚು ಚಿಂತೆ ಮಾಡಿದವಳು ನಾನು." ಅವಳ ಕಣ್ಣು ತುಂಬಿತು. "ಮುಖ ನೋಡದೇ ಇಷ್ಟಪಟ್ಟೆ ಖಾಂಗ್. ಮುಖ ನೋಡೋ ಹೊತ್ತಿಗೆ ನಿಮ್ಮ ಮನೇನೇ ಹಾಳು ಮಾಡಿದ್ದೆ."

ದೋಣಿ ಬಂತು. ಹತ್ತುವವರು ಹತ್ತಿದರು. ಅವಳು ಹಲಗೆಯ ಮೇಲೆ ಕಾಲಿಟ್ಟು ನಿಂತಳು.

"ನನ್ನ ಕ್ಷಮಿಸ್ತೀರಾ?"

"ಇಲ್ಲ."

ಅವಳು ತಲೆಯಾಡಿಸಿದಳು. ಅದೇ ನ್ಯಾಯ...

"ಥೋವಾ!" ಅವನು ಮೊದಲ ಸಲ ಹೆಸರು ಹಿಡಿದು ಕರೆದ. "ಇದು ಈಗಿನ ಉತ್ತರ. ಇದನ್ನೇ ಹಂಡೆಯಲ್ಲಿ ತುಂಬಿಟ್ಕೊಂಡು ಕೂರ್ಬೇಡಿ."

ಅವಳು ಕಾಲನ್ನು ಹಲಗೆಯಿಂದ ಹಿಂದಕ್ಕೆ ತೆಗೆದಳು. ದೋಣಿಯವನು ಗೊಣಗುತ್ತಾ ಹಗ್ಗ ಬಿಚ್ಚಿದ.

"ಹಾಗಾದ್ರೆ... ಮತ್ತೆ ಯಾವಾಗ ಕೇಳ್ಲಿ?"

ಅವನು ನದಿಯನ್ನು ನೋಡಿದ. ನೀರು ಇನ್ನೂ ಏರುತ್ತಲೇ ಇತ್ತು.

"ನಾನು ಅಳೆಯೋಕೆ ಹೋದಾಗಲೆಲ್ಲ," ಎಂದ. "ದಿನಕ್ಕೆ ನಾಲ್ಕು ಸಲ."