ಆನೆಸೀಲ್‌ಗಳ ಪಾಠ

ಕ್ಲಾಸು ಮುಗಿಸಿ ಹೊರಬಂದ ಸುವರ್ಣಾಗೆ ಕಾಲೇಜಿನ ಗೇಟಿನ ಹತ್ತಿರ ಅಂಕುಶನ ಬೈಕ್ ಕಂಡಿತು. ಹಿಂದಕ್ಕೆ ತಿರುಗಿಬಿಡೋಣವೇ ಅನ್ನಿಸಿತು. ಅಷ್ಟರಲ್ಲಿ ಅವನು ನೋಡಿಬಿಟ್ಟಿದ್ದ.

ಅಂಕುಶ ಅವಳ ಸೋದರಮಾವನ ಮಗ, ಗಣೇಶಗುಡಿಯಲ್ಲಿ ರಾಫ್ಟಿಂಗ್ ಗೈಡ್. ಬಿಸಿಲಿಗೆ ಕಂದಿದ ಮುಖದಲ್ಲಿ ಹೆಲ್ಮೆಟ್ ಪಟ್ಟಿಯ ಗೆರೆ ಮಾತ್ರ ಬೆಳ್ಳಗಿತ್ತು. ಆ ಗೆರೆಯ ಗುಂಟ ಬೆರಳು ಆಡಿಸಬೇಕೆಂಬ ಆಸೆ ಅವಳಿಗೆ ಇವತ್ತಿನದಲ್ಲ. ಆದರೂ ಮನೆಯವರು ಇಬ್ಬರ ಮದುವೆ ನಿಶ್ಚಯದ ಮಾತೆತ್ತಿದಾಗಲೆಲ್ಲ ಪರೀಕ್ಷೆ, ಪೇಪರು ತಿದ್ದುವುದು ಎಂದು ನೆಪ ಹೇಳುತ್ತಿದ್ದಳು.

“ಹುಟ್ಟು ಹಾಕಾಂವ ನಿನಗ ಬ್ಯಾಡ ಅಂದ್ರ ಹೇಳಿಬಿಡು,” ಅಂದ ಅಂಕುಶ. “ಅಪ್ಪಗ ನಾನ ಹೇಳ್ತೇನಿ. ನಿನ್ನ ಮ್ಯಾಲೆ ಮಾತು ಬರೂದಿಲ್ಲ.”

ಅವಳು ಅದಲ್ಲ ಎಂದು ತಲೆಯಾಡಿಸಿದಳು. ಅಂದು ಕ್ಲಾಸಿನಲ್ಲಿ ಹುಡುಗರಿಗೆ ಹೇಳಿದ ಪಾಠವನ್ನೇ ಅವನಿಗೂ ಹೇಳಿದಳು. ಹಿಂದೆ ಕೊಬ್ಬಿನ ಎಣ್ಣೆಗಾಗಿ ಕಡಲಿನ ಆನೆಸೀಲ್‌ಗಳನ್ನು ಜನ ಬೇಟೆಯಾಡಿ ಮುಗಿಸಿದ್ದರು. ಒಂದು ದ್ವೀಪದಲ್ಲಿ ಬೆರಳೆಣಿಕೆಯಷ್ಟೇ ಉಳಿದವು. ಬೇಟೆ ನಿಂತ ಮೇಲೆ ಸಂತತಿ ಲಕ್ಷ ದಾಟಿತು. ಆದರೆ ಎಲ್ಲವೂ ಆ ಕೆಲವೇ ಪ್ರಾಣಿಗಳ ಪೀಳಿಗೆ. ಅವುಗಳ ವಂಶವಾಹಿಯಲ್ಲಿ ವೈವಿಧ್ಯವೇ ಉಳಿದಿಲ್ಲ. ಹೊಸ ರೋಗವೊಂದು ಬಂದರೆ ತಡೆದುಕೊಳ್ಳುತ್ತವೋ ಇಲ್ಲವೋ, ಯಾರಿಗೂ ಗೊತ್ತಿಲ್ಲ.

“ಅವನ್ನ ಮಂದಿ ಕೊಂದು ಹಂಗ ಮಾಡಿದ್ರು, ಮಾವ. ನಮ್ಮನ್ನ ಯಾರ್ ಕೊಂದಿದ್ರು? ಅಜ್ಜಿ ಕಾಲದಿಂದ ಅವೇ ಎರಡು ಮನಿಯೊಳಗ ಕೊಟ್ಟು ತಂದು ಮಾಡ್ಯಾರ. ನಮ್ಮಣ್ಣ ಶೇಖಪ್ಪಗ ಹುಟ್ಟಿದಾಗಿಂದ ಕಿವಿ ಕೇಳೂದಿಲ್ಲ. ನಾಳೆ ನಮ್ಮ ಮಕ್ಕಳಿಗೂ ಹಂಗಾದ್ರ?”

ಹುಬ್ಬಳ್ಳಿಗೆ ಹೋಗಿ ಇಬ್ಬರೂ ರಕ್ತ ಪರೀಕ್ಷೆ ಮಾಡಿಸೋಣ ಅಂದ ಅಂಕುಶ.

ರಿಪೋರ್ಟ್ ಬರುವ ತನಕ ಅವಳಿಗೆ ಊಟ ಸೇರಲಿಲ್ಲ. ಕಡೆಗೆ ಡಾಕ್ಟರು ಇಬ್ಬರನ್ನೂ ಕೂರಿಸಿ ಮೆಲ್ಲಗೆ ಹೇಳಿದರು: ಕಿವುಡು ತರುವ ಒಂದೇ ವಂಶವಾಹಿ ಇಬ್ಬರಲ್ಲೂ ಅಡಗಿದೆ. ಪ್ರತಿ ಬಸಿರಿನಲ್ಲೂ ಮಗು ಕಿವುಡಾಗಿ ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಇಬ್ಬರೂ ದಾಂಡೇಲಿಗೆ, ಸುವರ್ಣಾಳ ಮನೆಗೆ ಬಂದರು. ಹಿತ್ತಲಲ್ಲಿ ಶೇಖಪ್ಪ ಬಾಗಿಲಿನ ಹಲಗೆಗೆ ಕೀಸುಳಿ ಹಿಡಿದು ನುಣುಪು ಮಾಡುತ್ತಿದ್ದ. ತಂಗಿಯ ಅತ್ತ ಕಣ್ಣು ಕಂಡು, ಏನಾಯಿತು ಎಂದು ಕೈಸನ್ನೆಯಲ್ಲೇ ಕೇಳಿದ. ಅವಳು ಮುಖ ತಿರುಗಿಸಿದಳು. ಚಿಕ್ಕಂದಿನಿಂದ ಅವನ ಜೊತೆ ಕೈಯಲ್ಲೇ ಹರಟುತ್ತ ಬೆಳೆದ ಅಂಕುಶ ಮಾತ್ರ ಏನನ್ನೂ ಮುಚ್ಚಿಡದೆ ತಿಳಿಸಿದ.

ಶೇಖಪ್ಪ ಕೀಸುಳಿ ಕೆಳಗಿಟ್ಟ. ಬೆರಳನ್ನು ತನ್ನ ಎದೆಗೆ ಇಟ್ಟುಕೊಂಡ. ತೋಳಲ್ಲಿ ಕೂಸು ತೂಗಿದಂತೆ ಮಾಡಿ, ಹುಬ್ಬೇರಿಸಿ ತಂಗಿಯನ್ನೇ ನೋಡಿದ. ನನ್ನಂಥದ್ದು ಹುಟ್ಟಿದರೆ ಬೇಡವೇನು?

ಸುವರ್ಣಾ ನಾಚಿಕೆಯಿಂದ ಅವನ ಕಾಲ ಬಳಿ ಕೂತಳು. ಅಣ್ಣ ಅವಳ ತಲೆ ಸವರಿ, ಮತ್ತೆ ಹಲಗೆಯತ್ತ ತಿರುಗಿದ.

“ನನ್ನ ಅಂಜಿಕಿ ಇನ್ನೂ ಹೋಗಿಲ್ಲ, ಮಾವ,” ಅಂದಳು ಅಂಕುಶನತ್ತ ನೋಡಿ.

“ನಂದೂ ಹೋಗಿಲ್ಲ,” ಅಂದ ಅಂಕುಶ, ಅವಳ ಪಕ್ಕ ಕೂರುತ್ತ. “ಆದ್ರ ನಿನ್ನ ಬಿಟ್ಟು ಇರೂದಕ್ಕ ಇನ್ನೂ ಹೆಚ್ಚು ಅಂಜಿಕಿ ಐತಿ.”

ಅವಳು ಅವನ ಒರಟು ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಹಂಗಾರ ಅಣ್ಣನ ಕೈಮಾತು ನನಗ ಪೂರ್ತಿ ಕಲಿಸು. ನನಗ ಅರ್ಧಾನ ಬರ್ತೈತಿ.”

“ಈಗ ಯಾಕ?”

“ಬೇಕಾದ್ರೂ ಬೇಕಾದೀತು,” ಅಂದಳು ಸುವರ್ಣಾ.