ಕಣಜ ಸುಟ್ಟವನ ಹಿಡಿ ಜೋಳ

ಭತ್ತದ ಕೊಯ್ಲು ಮುಗಿಯುತ್ತ ಬಂದ ಚಳಿಯ ದಿನಗಳು. ರಾಯಚೂರಿನ ಅಕ್ಕಿ ಗಿರಣಿಯ ಮುಂದೆ ಬೆಳಗಿನಿಂದಲೇ ಟ್ರ್ಯಾಕ್ಟರುಗಳ ಸಾಲು. ಪೋತ್ನಾಳದಿಂದ ಮೊದಲ ಬಸ್ಸಿಗೆ ಬಂದ ಶಿವಗಂಗಾ, ಒಂದೊಂದು ಚೀಲದಿಂದ ಹಿಡಿ ಕಾಳು ತೆಗೆದು ಯಂತ್ರಕ್ಕೆ ಹಾಕಿ ತೇವ ನೋಡುತ್ತಿದ್ದಳು.

"ನಮ್ಮ ಮಾಲೊಂದೀಟು ನೋಡ್ರಿ."

ಯುವಕನೊಬ್ಬ ಕರವಸ್ತ್ರದ ಗಂಟು ಮುಂದಿಟ್ಟ. ಬಿಚ್ಚಿದಳು.

"ಇದು ಜ್ವಾಳ. ನಾವು ತಗೊಳ್ಳಾದು ನೆಲ್ಲು. ಯಾವೂರ್ರಿ ನಿಮ್ಮದು?"

"ಗಬ್ಬೂರ್ರಿ. ಗುರುಸಿದ್ದ ಅಂತ... ನಿಮ್ಮ ಕಣಜ ಸುಟ್ಟಾವ."

ಅವಳ ಬೆರಳ ಸಂದಿಯಿಂದ ಕಾಳು ಜಾರಿದವು.

ಒಂದು ವರ್ಷದಿಂದ ಇಬ್ಬರೂ ಫೋನಿನ ಒಂದು ಗುಂಪಿನಲ್ಲಿ ರಾಜ್ಯದಾಟ ಆಡುತ್ತಿದ್ದರು. ಬರೆದು ಬರೆದೇ ಆಡುವ ಆಟ. ಅವಳು ರಾಣಿ ಚಂದ್ರಾಯಿ, ಅವನು ಅವಳ ದಂಡನಾಯಕ ಭೈರ. ಮುಖ ಕಂಡಿರಲಿಲ್ಲ. ಪಾತ್ರದ ಮಾತಲ್ಲದ್ದನ್ನು ಬರೆಯುವಾಗ ಮೊದಲು 'ಹೊರಗ' ಎಂದು ಹಾಕಬೇಕು. ಯಾರಿಗಾದರೂ ದೊಡ್ಡ ಪೆಟ್ಟು ಕೊಡುವ ಮುನ್ನ 'ಹೊರಗ' ಎಂದು ಬರೆದು ಒಪ್ಪಿಗೆ ಕೇಳಬೇಕು. ಅದು ಗುಂಪಿನ ಕಟ್ಟಳೆ. ಆ ಒಂದು ಪದದ ಹಿಂದೆಯೇ ಅವನ ಕುರಿಗಳ ಜ್ವರ, ಅವಳ ಗಿರಣಿ ಕೆಲಸ, ತಪ್ಪಿಸಿಕೊಂಡ ಬಸ್ಸು, ಎಲ್ಲವೂ ಹಂಚಿಕೆಯಾಗಿದ್ದವು.

ಮೂರು ವಾರದ ಹಿಂದೆ ಅವಳು ಬರೆದಿದ್ದಳು: 'ಹೊರಗ... ಮಾನ್ವಿ ಗಂಡಿನವರು ನನ್ನ ಒಲ್ಲೆ ಅಂದ್ರಂತ.'

ಮರುದಿನವೇ ಆಟದಲ್ಲಿ ಭೈರ ರಾಣಿಗೆ ತಿರುಗಿಬಿದ್ದು, ಒಪ್ಪಿಗೆ ಕೇಳದೆ, ಅವಳ ಕಣಜಕ್ಕೆ ಬೆಂಕಿ ಇಟ್ಟ. ಮೇಲೊಂದು ಮಾತು: 'ನಿನ್ನಂಥವಳ ಜೊತೆ ಯಾರು ಬಾಳುತ್ತಾರೆ?'

ಭೈರನ ಬಾಯಲ್ಲಿ ಗುರುಸಿದ್ದನೇ ಆಡಿದನೆಂದುಕೊಂಡಳು. ಗುಂಪು ಬಿಟ್ಟಳು. ಅವನ ಒಂದು ಕರೆಯನ್ನೂ ಎತ್ತಲಿಲ್ಲ.

"ಯಾಕ ಬಂದಿ?" ಬಿಚ್ಚಿದ ಗಂಟನ್ನು ಅವನತ್ತ ತಳ್ಳಿದಳು. "ಇನ್ನೇನು ಸುಡಾದು ಉಳದೈತಿ?"

"ಆ ಮಾತು ಎಂಟು ದಿನ ಮೊದಲ ಬರದಿಟ್ಟಿದ್ದೆ. ನಿನ್ನ ಸುದ್ದಿ ಓದಿದ ಮ್ಯಾಲೂ ಅದು ಹೊಳಿಲಿಲ್ಲ ನನಗ. ರಾಣಿಗೆ ಅಂದದ್ದು ಶಿವಗಂಗಾಗ ನಾಟತೈತಿ ಅಂತ... ಕೇಳಬೇಕಿತ್ತು. ಸಲಿಗಿ ಆಗೇತಿ, ಏನ್ ಕೇಳಾದು ಅಂದ್ಕೊಂಡೆ. ಅದ ನನ್ನ ತಪ್ಪು."

ಕಸಬರಿಗೆ ಹಿಡಿದು ಕಾಳು ಗುಡಿಸುತ್ತಿದ್ದ ಲತೀಫಾ ಅತ್ತಲಿಂದಲೇ ಕೂಗಿದಳು. "ಶಿವಗಂಗವ್ವಾ, ಹಿಡಿ ಜ್ವಾಳಕ್ಕ ಎಷ್ಟೊತ್ತಬೇ ಪರೀಕ್ಷಾ? ಟ್ರ್ಯಾಕ್ಟರು ಕಾಯಾಕತ್ತಾವ."

ಶಿವಗಂಗಾ ತಲೆ ತಗ್ಗಿಸಿದಳು. 'ನಾನಾದರೂ ಒಂದು ಮಾತು ಕೇಳಿದೆನೇ?' ಎನಿಸಿತು.

"ನನ್ನದೂ ತಪ್ಪೈತಿ," ಎಂದಳು ಮೆಲ್ಲಗೆ. "ರಾಣಿಗೆ ಬಿದ್ದ ಮಾತನ್ನ ನನ್ನ ಉಡಿಯಾಗ ಕಟ್ಟಿಗೊಂಡೆ. ಭೈರಗ ಬೈಯೋದು ಬಿಟ್ಟು ನಿನ್ನ ಬಿಟ್ಟೆ."

ಅವನು ಗಂಟನ್ನು ಅವಳತ್ತ ಸರಿಸಿದ. "ನಮ್ಮ ಹೊಲದ್ದು. ಸುಟ್ಟ ಕಣಜಕ್ಕ."

ಅವಳು ಗಂಟು ಬಿಗಿದು ತಿರುಗಿ ಅವನ ಕೈಗೇ ಇಟ್ಟಳು.

"ಒಯ್ಯಿ. ಆಟದ ಸಾಲ ಆಟದಾಗ ಇರಲಿ. ಇವತ್ತ ಗುಂಪಿಗೆ ವಾಪಸ್ ಬರ್ತೀನಿ. ಚಂದ್ರಾಯಿ ಭೈರನ ಕೋಟಿ-ಕೊತ್ತಲ ಉಳಿಸಾಂಗಿಲ್ಲ, ಮೊದಲ ಹೇಳೀನಿ."

"ಸುಡ್ಲಿ." ನಕ್ಕು, ಗಂಟನ್ನು ಜೇಬಿಗೆ ಸೇರಿಸಿದ. "ಹೊರಗ..." ಎಂದ, ಬರೆಯುವಂತೆಯೇ. "ಹೊರಗ... ನಿನ್ನ ಜೋಡಿ ನಾ ಬಾಳ್ತೀನಿ. ನೀ ಹೂಂ ಅಂದ್ರ."

ಹಿಂದಿನ ಟ್ರ್ಯಾಕ್ಟರಿನವನು ಹಾರನ್ ಒತ್ತಿದ. ಅವಳು ಯಂತ್ರದೊಳಗಿನ ಕಾಳು ಸುರಿದು, ಕೈ ಒರೆಸಿಕೊಂಡಳು.

"ಹೊರಗ..." ಎಂದಳು, ಕಣ್ಣೆತ್ತದೆ. "ಐತವಾರ ಪೋತ್ನಾಳಕ್ಕ ಬಾ. ನಮ್ಮವ್ವನ್ನ ಕೇಳು. ಈ ಸಲ ಕೇಳಿ ಮಾಡು."